ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ

2147483647.

ಈ ಸಂಖ್ಯೆ ಕಂಡ ಕೂಡಲೇ ಗುರುತು ಹತ್ತಿತಾ? ಹತ್ತಿದ್ರೆ ನೀವೂ ನಮ್ಮ ಪೈಕಿಯೇ, ಕೀಬೋರ್ಡ್ ಕುಟ್ಟಿ ಹೊಟ್ಟೆ ಹೊರೆಯೋರು :-) ಹತ್ತದಿದ್ರೂ ಚಿಂತೆಯಿಲ್ಲ, ಇವತ್ತಿನ ಬರಹ ಮುಖ್ಯವಾಗಿ ನಿಮಗೇ. ಬಾಯಲ್ಲಿ ಹೇಳೋದಾದ್ರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಚಿಕ್ಕದಾಗಿ ಬರೆಯೋದಾದ್ರೆ 2^31 - 1. ಅಂದ್ರೆ ಮೂವತ್ತೊಂದು ಎರಡುಗಳನ್ನ ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನ ಕಳೆಯೋದು. ಅಷ್ಟೇ.

ಇದರ ಬಗ್ಗೆ ಬರೀಬೇಕು ಅನ್ನಿಸಿದ್ದಕ್ಕೆ ಕಾರಣ "ಸಂಖ್ಯೆಗಳ ಚಮತ್ಕಾರ" ಅನ್ನೋ ಫಾರ್ವರ್ಡುಗಳು. ಮೊದಲು ಈಮೇಲಲ್ಲಿ ಬರ್ತಿದ್ವು, ಈಗ ವಾಟ್ಸಾಪಲ್ಲಿ. 12345679 ಅನ್ನ 9ರಿಂದ ಗುಣಿಸಿದ್ರೆ 111111111, ಆಹಾ! 142857ನ್ನ ಎರಡರಿಂದ ಗುಣಿಸಿದ್ರೆ ಅದೇ ಅಂಕಿಗಳು ತಿರುಗಿ 285714, ಓಹೋ! ಅಲ್ಲಿಂದ ಮುಂದಿನ ಸಾಲಿಗೇ "ಈ ಸಂಖ್ಯೆಯಲ್ಲಿ ದೈವೀ ಶಕ್ತಿ ಇದೆ, ನಿಮ್ಮ ಮೊಬೈಲ್ ನಂಬರಿನ ಅಂಕಿಗಳನ್ನ ಕೂಡಿಸಿ ನೋಡಿ..." ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ನಾವೂ ಮುಂದಕ್ಕೆ ತಳ್ತೀವಿ.

ನನ್ನ ತಕರಾರು ಬೆರಗಿನ ಬಗ್ಗೆ ಅಲ್ಲ. ಬೆರಗು ಬೇಕು. ತಕರಾರು ಇರೋದು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸೋದರ ಬಗ್ಗೆ. ಒಂದು ಸಂಖ್ಯೆಯ "ಗುಣ" ಅಂತ ಯಾವುದನ್ನ ಕರೀಬೇಕು? ನನ್ನ ಪ್ರಕಾರ ಯಂತ್ರ ಬದಲಾದ್ರೂ, ಬರೆಯೋ ರೀತಿ ಬದಲಾದ್ರೂ, ಕಾಲ ಬದಲಾದ್ರೂ ಯಾವುದು ಉಳಿಯುತ್ತೋ ಅದು ಮಾತ್ರ ಸಂಖ್ಯೆಯ ಗುಣ. ಮಿಕ್ಕಿದ್ದೆಲ್ಲ ನಾವು ಅದರ ಮೇಲೆ ಹೊರಿಸಿದ್ದು. ಇದನ್ನ ತೋರಿಸೋಕೆ 2147483647ಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಯಾಕಂದ್ರೆ ಇದಕ್ಕೆ ಎರಡೂ ಇವೆ: ಹೊರಿಸಿದ್ದೂ ಬೇಕಾದಷ್ಟು, ಸ್ವಂತದ್ದೂ ಬೇಕಾದಷ್ಟು.

ಬೇಲಿ ನಮ್ಮದು

ನಮ್ಮ ಕಸುಬಿನಲ್ಲಿ ಈ ಸಂಖ್ಯೆಯ ಹೆಸರು "ಇಂಟ್ ಮ್ಯಾಕ್ಸ್". ಕಂಪ್ಯೂಟರಿನಲ್ಲಿ ಪೂರ್ಣಾಂಕ ಇಡೋಕೆ ಸಾಮಾನ್ಯವಾಗಿ ಕೊಡೋ ಜಾಗ 32 ಬಿಟ್. 32 ಸ್ವಿಚ್ಚುಗಳ ಒಂದು ಸಾಲು ಅಂದ್ಕೊಳ್ಳಿ. ಮೊದಲನೇ ಸ್ವಿಚ್ಚು ಸಂಖ್ಯೆ ಧನವೋ ಋಣವೋ ಅಂತ ಹೇಳುತ್ತೆ. ಉಳಿದ ಮೂವತ್ತೊಂದನ್ನೂ ಆನ್ ಮಾಡಿದ್ರೆ ಬರೋದೇ 2147483647. ಅದಕ್ಕೆ ಇನ್ನೊಂದು ಕೂಡಿಸಿದ್ರೆ? ಹಳೇ ಸ್ಕೂಟರಿನ ಮೀಟರು 99999 ಆದ ಮೇಲೆ ಸೊನ್ನೆಗೆ ಹೋಗುತ್ತಲ್ಲ, ಹಾಗೆ. ಇಲ್ಲಿ ಸೊನ್ನೆಗಲ್ಲ, ಸಾಮಾನ್ಯವಾಗಿ ನೇರ -2147483648ಕ್ಕೆ! ಇಟ್ಟವನು ಸಾಹುಕಾರ, ಒಂದು ರೂಪಾಯಿ ಜಾಸ್ತಿ ಬಂದ ತಕ್ಷಣ ದಿವಾಳಿ.

ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಂದು ಹಳೇ ಟೇಬಲ್ಲಿನ ಕ್ರಮಸಂಖ್ಯೆ ಈ ಗೋಡೆಗೆ ಬಂದು ಢೀ ಹೊಡೆದು, ಹೊಸದಾಗಿ ಒಂದು ಸಾಲೂ ಸೇರದೆ, ಇಡೀ ತಂಡಕ್ಕೆ ಶಿವರಾತ್ರಿ ಜಾಗರಣೆ ಆಗಿತ್ತು. ನಮ್ಮದು ಸಣ್ಣ ಕಥೆ. 2014ರ ಡಿಸೆಂಬರಿನಲ್ಲಿ ಯೂಟ್ಯೂಬ್ ಕೂಡ ಈ ಗೋಡೆ ಬಗ್ಗೆ ಮಾತಾಡಬೇಕಾಯ್ತು. ಕೊರಿಯಾದ ಸೈ ಅನ್ನೋ ಗಾಯಕನ "ಗಂಗ್ನಮ್ ಸ್ಟೈಲ್" ವಿಡಿಯೋವನ್ನ ಜನ ಎಷ್ಟು ನೋಡಿದ್ರು ಅಂದ್ರೆ, ಎಣಿಕೆ 2147483647 ದಾಟೋ ಹೊತ್ತಿಗೆ ಅವರು 64 ಬಿಟ್ಟಿನ ಎಣಿಕೆಗೆ ಬದಲಾಯಿಸಬೇಕಾಗಿ ಬಂತು.

ಮುಂದಿನ ದೊಡ್ಡ ಢೀ 2038ರಲ್ಲಿ. ಯೂನಿಕ್ಸ್ ಪರಂಪರೆಯ ಕಂಪ್ಯೂಟರುಗಳು ಸಮಯವನ್ನ 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೀತು ಅಂತ ಎಣಿಸುತ್ತವೆ. ಅದನ್ನ 32 ಬಿಟ್ಟಿನಲ್ಲಿ ಇಟ್ಟಿರೋ ಕಡೆ, 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ 2147483647 ಮುಟ್ಟುತ್ತೆ. ಮರು ಸೆಕೆಂಡಿಗೆ ಆ ಯಂತ್ರದ ಪಾಲಿಗೆ 1901ರ ಡಿಸೆಂಬರ್! ಹೊಸ ವ್ಯವಸ್ಥೆಗಳಲ್ಲಿ ಇದನ್ನ 64 ಬಿಟ್ಟಿಗೆ ಏರಿಸಿ ಸರಿಮಾಡಿದ್ದಾರೆ, 32 ಬಿಟ್ ಯಂತ್ರಗಳಿಗೂ ಲಿನಕ್ಸ್‌ನಲ್ಲಿ 2020ರಲ್ಲಿ ದಾರಿ ಬಂತು. ತೊಂದರೆ ಇರೋದು ಯಾರೂ ಮುಟ್ಟದೆ ಗೋಡೆಯೊಳಗೆ ಕೂತಿರೋ ಹಳೇ ಪೆಟ್ಟಿಗೆಗಳದ್ದು.

ಇಷ್ಟೆಲ್ಲ ರಾದ್ಧಾಂತಕ್ಕೂ ಆ ಸಂಖ್ಯೆಗೂ ಏನು ಸಂಬಂಧ? ಏನೂ ಇಲ್ಲ. ನಾವು 32 ಅಂತ ಬೇಲಿ ಹಾಕಿದ್ವಿ, ಬೇಲಿಯ ಗೂಟ ಅಲ್ಲಿ ಬಂತು. ಬೇಲಿಯನ್ನ ಕಿತ್ತು 64ರಲ್ಲಿ ನೆಟ್ಟರೆ ಹೊಸ ಗೂಟ 9223372036854775807. ಹಳೇ ಗೂಟ ಅನಾಥ. "ಅತಿ ದೊಡ್ಡದು" ಅನ್ನೋ ಬಿರುದು ಯಂತ್ರದ್ದು, ಸಂಖ್ಯೆಯದ್ದಲ್ಲ.

ಅಂಗಿಯೂ ನಮ್ಮದು

ಈಗ ಫಾರ್ವರ್ಡ್ ಶಾಸ್ತ್ರಕ್ಕೆ ಬರೋಣ. 2147483647ರ ಅಂಕಿಗಳನ್ನ ಕೂಡಿಸಿ: 46. ಮತ್ತೆ ಕೂಡಿಸಿ: 10. ಮತ್ತೆ: 1. ಒಂದು ಅಂದ್ರೆ ಸೂರ್ಯ, ನಾಯಕತ್ವ, ರಾಜಯೋಗ! ಆರ್‌ಟಿಒನಲ್ಲಿ ಸಾವಿರಾರು ರೂಪಾಯಿ ಹೆಚ್ಚಿಗೆ ಕೊಟ್ಟು ಇಂಥ ನಂಬರ್ ಹಿಡಿಯೋರು ನಿಮಗೂ ಗೊತ್ತಿರ್ತಾರೆ. ಹೆಸರಿಗೆ ಒಂದು ಇಂಗ್ಲಿಷ್ ಅಕ್ಷರ ಜಾಸ್ತಿ ತುರುಕಿ ಪ್ರಮೋಷನ್ನಿಗೆ ಕಾಯೋ ಗೆಳೆಯರು ನನಗೇ ಇದ್ದಾರೆ.

ಒಂದು ಸಣ್ಣ ಪರೀಕ್ಷೆ ಮಾಡೋಣ. ನಾವು ಹತ್ತರ ಲೆಕ್ಕದಲ್ಲಿ ಬರೆಯೋದು ನಮ್ಮ ಕೈಗೆ ಹತ್ತು ಬೆರಳು ಇರೋದ್ರಿಂದ. ಕಂಪ್ಯೂಟರಿನೋರು ಅನುಕೂಲಕ್ಕೆ ಹದಿನಾರರ ಲೆಕ್ಕ ಬಳಸ್ತೀವಿ. ಅದರಲ್ಲಿ ಇದೇ ಸಂಖ್ಯೆ ಬರೆದ್ರೆ 7, ಅದರ ಮುಂದೆ ಹದಿನೈದನ್ನ ಸೂಚಿಸೋ ಅಂಕಿ ಏಳು ಸಲ. ಅಂಕಿಗಳ ಮೊತ್ತ 7 + 105 = 112. ಹದಿನಾರರ ಲೆಕ್ಕದಲ್ಲಿ 112 ಅಂದ್ರೆ "70". ಮತ್ತೆ ಕೂಡಿಸಿದ್ರೆ 7. ಏಳು ಅಂದ್ರೆ ಕೇತು! ನಮ್ಮ ಪರದೆ ಮೇಲೆ ಸೂರ್ಯ, ಯಂತ್ರದೊಳಗೆ ಹೋಗ್ತಿದ್ದ ಹಾಗೆ ಕೇತು. ಸಂಖ್ಯೆ ಕೂದಲೆಳೆಯಷ್ಟೂ ಬದಲಾಗಿಲ್ಲ, ಗ್ರಹ ಮಾತ್ರ ಬದಲಾಯ್ತು :-)

ಹಾಗಂತ ಅಂಕಿಗಳ ಮೊತ್ತಕ್ಕೆ ಅರ್ಥವೇ ಇಲ್ಲ ಅಂತಲ್ಲ. ಹತ್ತರ ಲೆಕ್ಕದಲ್ಲಿ ಹೀಗೆ ಕೂಡಿಸ್ತಾ ಹೋದ್ರೆ ಸಿಗೋದು ಸಂಖ್ಯೆಯನ್ನ 9ರಿಂದ ಭಾಗಿಸಿದಾಗ ಉಳಿಯೋ ಶೇಷ (ಕೊನೆಗೆ 9 ಬಂದ್ರೆ ಶೇಷ ಸೊನ್ನೆ). ಹದಿನಾರರ ಲೆಕ್ಕದಲ್ಲಿ ಸಿಗೋದು 15ರಿಂದ ಭಾಗಿಸಿದ ಶೇಷ. ಎರಡೂ ನಿಜ, ಎರಡೂ ಉಪಯೋಗದ ಮಾತು. ಅಲ್ಲಿ ಗ್ರಹಗತಿ ಮಾತ್ರ ಇಲ್ಲ. 142857ರ ಕಥೆಯೂ ಇಷ್ಟೇ. ಅದು 7ಕ್ಕೂ 10ಕ್ಕೂ ಇರೋ ನಂಟು. ಎಂಟರ ಲೆಕ್ಕದಲ್ಲಿ ಅದೇ ಸಂಖ್ಯೆ 427011, ಅದರ ಎರಡರಷ್ಟು 1056022. ತಿರುಗೋ ಆಟ ಮಾಯ!

ಅಂಕಿಗಳ ಆಟ ಆಡೋರನ್ನ ಹೀಗಳೆಯೋ ಉದ್ದೇಶ ನನಗಿಲ್ಲ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಇದೇ ಆಟ ಆಡ್ತಾ 6174ನ್ನ ಕಂಡುಹಿಡಿದ್ರು, ಇವತ್ತಿಗೂ ಆ ಸಂಖ್ಯೆಗೆ ಅವರ ಹೆಸರೇ. ಅವರು ಹುಡುಕಿದ್ದು ನಿಯಮವನ್ನ, ಅದೃಷ್ಟವನ್ನಲ್ಲ. ವ್ಯತ್ಯಾಸ ಇರೋದು ಅಲ್ಲೇ. ಅಂಗಿಯ ಬಣ್ಣ ಹೊಗಳೋದು ತಪ್ಪಲ್ಲ. ಅಂಗಿಯನ್ನೇ ಮನುಷ್ಯ ಅಂದ್ಕೊಳ್ಳೋದು ತಪ್ಪು.

ಇದು ಅದರದ್ದೇ

ಬೇಲಿ ತೆಗೆದು, ಅಂಗಿ ಬಿಚ್ಚಿ ನೋಡಿದ್ರೆ ಏನು ಉಳಿಯುತ್ತೆ? 2147483647 ಒಂದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತನ್ನನ್ನ ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗಲ್ಲ. ಹತ್ತರಲ್ಲಿ ಬರೀರಿ, ಹದಿನಾರರಲ್ಲಿ ಬರೀರಿ, ಕನ್ನಡ ಅಂಕಿಯಲ್ಲಿ ಬರೀರಿ, ಕಲ್ಲಿನ ರಾಶಿ ಹಾಕಿ... ಭಾಗವಾಗಲ್ಲ.

ಯಂತ್ರದ ಹೊಸ ಗೂಟಕ್ಕೆ ಈ ಭಾಗ್ಯ ಇಲ್ಲ. 9223372036854775807 ಅಂದ್ರೆ 2^63 - 1, ಎರಡರ ಲೆಕ್ಕದಲ್ಲಿ ಬರೆದ್ರೆ ಅರವತ್ಮೂರು ಒಂದುಗಳ ಸಾಲು. ಹುಣಸೆ ಬೀಜ ಜೋಡಿಸಿದ ಹಾಗೆ ಅವನ್ನ ಮೂರು ಮೂರರ ಗುಂಪು ಮಾಡಿ. 111, 111, 111... ಸರಿಯಾಗಿ ಇಪ್ಪತ್ತೊಂದು ಗುಂಪು, ಒಂದೂ ಮಿಗಲ್ಲ. ಎರಡರ ಲೆಕ್ಕದ 111 ಅಂದ್ರೆ ನಮ್ಮ 7. ಅಂದ್ರೆ ಇಡೀ ಸಂಖ್ಯೆ 7ರಿಂದ ಭಾಗವಾಗುತ್ತೆ! ಏಳೇಳರ ಗುಂಪು ಮಾಡಿದ್ರೆ 127ರಿಂದಲೂ ಭಾಗವಾಗುತ್ತೆ ಅಂತ ಗೊತ್ತಾಗುತ್ತೆ. ಹತ್ತೊಂಬತ್ತು ಅಂಕಿಯ ದೈತ್ಯ, ಹುಣಸೆ ಬೀಜಕ್ಕೆ ಶರಣು. 31 ಬೀಜಗಳನ್ನ ಹೀಗೆ ಸಮನಾಗಿ ಗುಂಪು ಮಾಡೋಕೆ ಆಗಲ್ಲ, ಯಾಕಂದ್ರೆ 31 ತಾನೇ ಅವಿಭಾಜ್ಯ. ಹಾಗಾಗಿ 2^31 - 1 ಈ ಮೊದಲ ಪರೀಕ್ಷೆಯಲ್ಲಿ ಪಾಸು. ಆದ್ರೆ ಅಷ್ಟೇ ಸಾಲದು. 11 ಕೂಡ ಅವಿಭಾಜ್ಯವೇ, ಆದರೂ 2^11 - 1 = 2047 = 23 × 89.

ಹಾಗಾದ್ರೆ 2147483647 ಅವಿಭಾಜ್ಯ ಅಂತ ಖಾತ್ರಿ ಹೇಗೆ? 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇಂಥ ಸಂಖ್ಯೆಗಳ ಪಟ್ಟಿ ಕೊಟ್ಟ, ಅದರಲ್ಲಿ 31 ಇತ್ತು. ಆದರೆ ಅದೇ ಪಟ್ಟಿಯಲ್ಲಿದ್ದ 67 ಮತ್ತು 257 ಆಮೇಲೆ ಸುಳ್ಳಾದವು. ಸರಿಯಾದ ಉತ್ತರ ಹೇಳೋದೇ ಬೇರೆ, ಅದು ಸರಿ ಅಂತ ತೋರಿಸೋದೇ ಬೇರೆ. ತೋರಿಸಿದ್ದು ಆಯ್ಲರ್, 1772ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಆಗ ಆತನಿಗೆ ಅರವತ್ತೈದರ ಆಸುಪಾಸು, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಮೊಂಡು ದಾರಿಯಲ್ಲಿ ಹೋದ್ರೆ ಈ ಸಂಖ್ಯೆಯ ವರ್ಗಮೂಲದವರೆಗಿನ, ಅಂದ್ರೆ 46340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚಿವೆ. ಆಯ್ಲರ್ ಹಾಗೆ ಮಾಡ್ಲಿಲ್ಲ. ಭಾಗಿಸೋ ಯೋಗ್ಯತೆ ಯಾರಿಗಿದೆ ಅಂತ ಮೊದಲು ಯೋಚಿಸಿದ. ಎರಡು, ನಾಲ್ಕು, ಎಂಟು, ಹದಿನಾರು ಅಂತ ಎರಡರ ಘಾತಗಳನ್ನ ಒಂದು ಅವಿಭಾಜ್ಯದಿಂದ ಭಾಗಿಸಿ ಶೇಷ ಬರೀತಾ ಹೋದ್ರೆ, ಶೇಷಗಳು ಚಕ್ರದ ಹಾಗೆ ತಿರುಗಿ ತಿರುಗಿ ಬರುತ್ತವೆ. ಆ ಅವಿಭಾಜ್ಯ 2^31 - 1ನ್ನ ಭಾಗಿಸಬೇಕಾದ್ರೆ ಮೂವತ್ತೊಂದನೇ ಹೆಜ್ಜೆಗೆ ಶೇಷ 1 ಬರಬೇಕು. 31ಕ್ಕೆ ಬೇರೆ ಭಾಜಕ ಇಲ್ಲದ್ದರಿಂದ ಚಕ್ರದ ಉದ್ದ 31 ಆಗಿರಲೇಬೇಕು. ಫರ್ಮಾನ ಪ್ರಮೇಯದ ಪ್ರಕಾರ ಚಕ್ರದ ಉದ್ದ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರೋ ಸಂಖ್ಯೆಯನ್ನ ಭಾಗಿಸಲೇಬೇಕು. ಜೊತೆಗೆ ನಮ್ಮ ಅವಿಭಾಜ್ಯ ಬೆಸ ಸಂಖ್ಯೆ. ಎರಡೂ ಸೇರಿದ್ರೆ, 62ರಿಂದ ಭಾಗಿಸಿದಾಗ 1 ಉಳಿಯೋ ಅವಿಭಾಜ್ಯಗಳಿಗೆ ಮಾತ್ರ ಒಳಗೆ ಪ್ರವೇಶ!

ಇದೇ ಥರದ ಇನ್ನೊಂದು ವಾದದಿಂದ ಅದರಲ್ಲೂ ಅರ್ಧ ಬಿದ್ದು ಹೋಗುತ್ತೆ. 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯೋವು ಮಾತ್ರ ಉಳಿಯುತ್ತವೆ: 63, 249, 311, 497, 559, 745, 807, 993, 1055, 1241, 1303... 46340ರವರೆಗೆ ಇಂಥವು 373. ಅವುಗಳಲ್ಲೂ ಹೆಚ್ಚಿನವು ತಾವೇ ಅವಿಭಾಜ್ಯ ಅಲ್ಲ. ಮೇಲೆ ಬರೆದ ಹನ್ನೊಂದರಲ್ಲಿ 311 ಮತ್ತು 1303 ಮಾತ್ರ ಅವಿಭಾಜ್ಯ. ಹೀಗೆ ಸೋಸಿ ಸೋಸಿ ಉಳಿದವನ್ನ ಮಾತ್ರ ಭಾಗಿಸಿ ನೋಡಿದ್ರೆ ಆಯ್ತು. ಯಾವುದೂ ಭಾಗಿಸಲಿಲ್ಲ.

ನಾನು ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಈ ಸಂಖ್ಯೆ ನೂರು ಸಲ ಬಂದಿರಬೇಕು. ಪ್ರತಿ ಸಲವೂ "ಇದನ್ನ ದಾಟಬಾರದು" ಅಂತಲೇ. ಅದಕ್ಕೆ ಇಂಥದ್ದೊಂದು ಒಳಗಿನ ಬದುಕು ಇದೆ ಅಂತ ಯಾರೂ ಹೇಳಲಿಲ್ಲ, ಪುಸ್ತಕವೂ ಹೇಳಲಿಲ್ಲ. "ಎಗ್ಸಾಮಿಗೆ ಬರಲ್ಲ, ಬಿಡಿ" ಅನ್ನೋದು ನಮ್ಮ ಕಡೆ ಎಲ್ಲ ಕುತೂಹಲಕ್ಕೂ ರಾಮಬಾಣ.

ಉಪಯೋಗ ಕಾಲದ್ದು

ಇಲ್ಲಿಗೆ ಬರೋ ಹೊತ್ತಿಗೆ ನಿಮ್ಮಲ್ಲಿ ಒಬ್ಬರಾದ್ರೂ ಕೇಳ್ತಿರ್ತೀರಿ: ಎಲ್ಲ ಸರಿ ಮಾರಾಯ, ಇದರಿಂದ ಉಪಯೋಗ ಏನು?

ಇದೇ ಪ್ರಶ್ನೆಗೆ ಇದೇ ಸಂಖ್ಯೆಯ ವಿಷಯದಲ್ಲಿ ಒಬ್ಬ ಗಣಿತಜ್ಞನೇ ಎಡವಿದ್ದಾನೆ. ತನ್ನ ಭಾಜಕಗಳ (ತನ್ನನ್ನ ಬಿಟ್ಟು) ಮೊತ್ತಕ್ಕೆ ತಾನೇ ಸಮನಾದದ್ದು ಪರಿಪೂರ್ಣ ಸಂಖ್ಯೆ. 6 = 1 + 2 + 3 ಇದ್ದ ಹಾಗೆ. 2147483647 ಅವಿಭಾಜ್ಯ ಆದ್ದರಿಂದ ಅದನ್ನ 2^30ರಿಂದ ಗುಣಿಸಿದ್ರೆ 2305843008139952128 ಅನ್ನೋ ಪರಿಪೂರ್ಣ ಸಂಖ್ಯೆ ಸಿಗುತ್ತೆ. ಈ ಗುಣಾಕಾರದ ಗುಟ್ಟು ಯೂಕ್ಲಿಡ್ ಕಾಲದ್ದು. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತನ್ನ ಪುಸ್ತಕದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನ ಮುಂದೆಂದೂ ಯಾರೂ ಕಂಡುಹಿಡಿಯಲಾರರು ಅಂತ ಬರೆದ. ಅವನು ಕೊಟ್ಟ ಕಾರಣ: ಇವು ಬರೀ ಕುತೂಹಲದ ವಸ್ತುಗಳು, ಉಪಯೋಗಕ್ಕೆ ಬರದವು, ಹಾಗಾಗಿ ಯಾರೂ ಆ ಶ್ರಮಕ್ಕೆ ಕೈ ಹಾಕಲಾರರು.

1876ರಲ್ಲಿ ಫ್ರಾನ್ಸಿನ ಲ್ಯೂಕಾ 2^127 - 1 ಅವಿಭಾಜ್ಯ ಅಂತ ತೋರಿಸಿದ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ 2^136279841 - 1 ಅನ್ನೋದಕ್ಕೆ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಕುತೂಹಲಕ್ಕೆ ಕೈ ಹಾಕೋರು ಇದ್ದೇ ಇದ್ರು, ಇದ್ದೇ ಇರ್ತಾರೆ.

ಇನ್ನು ಉಪಯೋಗ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅನ್ನೋರು ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸೋಕೆ ಒಂದು ಸರಳ ವಿಧಾನವನ್ನ ಎಲ್ಲರೂ ಬಳಸಲಿ ಅಂತ ಸೂಚಿಸಿದ್ರು. ಕೈಲಿರೋ ಸಂಖ್ಯೆಯನ್ನ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಕೊಳ್ಳಿ. ಅದನ್ನೇ ಮತ್ತೆ ಗುಣಿಸಿ. 1ರಿಂದ ಶುರು ಮಾಡಿದ್ರೆ 16807, 282475249, 1622650073... ಹೀಗೆ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೊಂದೇ ಸಲ ಬಂದು, ಆಮೇಲಷ್ಟೇ ಚಕ್ರ ಮರುಕಳಿಸುತ್ತೆ. ಜಾತ್ರೆಯ ತೇರು ಒಂದು ಮನೆಯನ್ನೂ ಬಿಡದೆ ಊರೆಲ್ಲ ಸುತ್ತಿ ಬಂದ ಹಾಗೆ. ಆ ಸಂಖ್ಯೆ ಅವಿಭಾಜ್ಯ ಅಲ್ಲದಿದ್ರೆ ಇದು ಸಾಧ್ಯವೇ ಇರಲಿಲ್ಲ, ಅದರ ಭಾಜಕಗಳಿಂದ ಹೊರಟ ತೇರು ಸಣ್ಣ ಗಲ್ಲಿಯಲ್ಲೇ ಸಿಕ್ಕಿಬೀಳ್ತಿತ್ತು. ಇವತ್ತು ಗಂಭೀರ ಕೆಲಸಕ್ಕೆ, ಅದರಲ್ಲೂ ಗುಟ್ಟು ಕಾಯೋ ಕೆಲಸಕ್ಕೆ, ಈ ವಿಧಾನ ಸಾಲದು. ಆದ್ರೂ ಸಿ ಪ್ಲಸ್ ಪ್ಲಸ್ ಭಾಷೆಯ ಗ್ರಂಥಾಲಯದಲ್ಲಿ ಅದು ಇದೆ. ಕಣ್ಣು ಕಾಣದ ಮುದುಕ ಸಾಧಿಸಿಟ್ಟ "ಉಪಯೋಗವಿಲ್ಲದ" ಗುಣ ಇನ್ನೂರು ವರ್ಷದ ಮೇಲೆ ಕೆಲಸಕ್ಕೆ ಹಾಜರಾಯ್ತು.

ಇದನ್ನ ಹೇಳಿ "ನೋಡಿ, ಎಲ್ಲವೂ ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತೆ" ಅಂತ ನೀತಿ ಹೇಳೋಕೆ ನನಗೆ ಇಷ್ಟ ಇಲ್ಲ. ಅದು ಬಾರ್ಲೋನ ತಪ್ಪನ್ನೇ ತಿರುಗಿಸಿ ಮಾಡಿದ ಹಾಗೆ. ಉಪಯೋಗ ಕಾಲ ಹೊರಿಸೋ ಗುಣ. ಒಂದು ಕಾಲಕ್ಕೆ ಇರಲ್ಲ, ಇನ್ನೊಂದು ಕಾಲಕ್ಕೆ ಬರುತ್ತೆ, ಮತ್ತೆ ಹೋಗುತ್ತೆ. ಅದನ್ನ ಅಳತೆಗೋಲು ಮಾಡ್ಕೊಂಡು ಯಾವುದನ್ನ ಕಲೀಬೇಕು, ಯಾವುದನ್ನ ಬಿಡಬೇಕು ಅಂತ ನಿರ್ಧರಿಸೋದು ಇನ್ನೂ ಕಟ್ಟದ ಮನೆಗೆ ಬೀಗ ಹುಡುಕಿದ ಹಾಗೆ.

ಇದರಿಂದ ನಮಗೇನು ನಷ್ಟ ಅಂತೀರಾ? ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಅಂದ್ರೆ 2, 3, 5, 7, 11 ಅಂತ ನೂರರವರೆಗೆ ಉರು ಹೊಡೆಯೋ ಪಟ್ಟಿ. ಕಾಲೇಜಿನಲ್ಲಿ 2147483647 ಅಂದ್ರೆ ದಾಟಬಾರದ ಗೆರೆ. ಮೊಬೈಲಲ್ಲಿ ಸಂಖ್ಯೆ ಅಂದ್ರೆ ಅದೃಷ್ಟ. ಈ ಮೂರರ ಮಧ್ಯೆ "ಯಾಕೆ?" ಅನ್ನೋ ಪ್ರಶ್ನೆ ಕೇಳೋಕೆ ಒಂದು ಮಗುವಿಗೆ ಜಾಗ ಎಲ್ಲಿದೆ? ಯಾಕೆ ಅಂತ ಕೇಳದೆ ಬೆಳೆದವನೇ ನಾಳೆ ಇಂಜಿನಿಯರ್ ಆಗಿ, ಬೆಳಗ್ಗೆ 64 ಬಿಟ್ ಕೋಡ್ ಬರೆದು, ಸಂಜೆ ಕಾರ್ ನಂಬರಿನ ಅಂಕಿ ಕೂಡಿಸ್ತಾ ಕೂರೋದು. ಅವನಿಗೆ ಎರಡೂ ಒಂದೇ. ಯಾರೋ ಹೇಳಿದ್ದು, ನಾನು ಪಾಲಿಸಿದ್ದು. ಹುಣಸೆ ಬೀಜ ಗುಂಪು ಮಾಡಿ 7ರಿಂದ ಭಾಗವಾಗುತ್ತೆ ಅಂತ ತನ್ನ ಕೈಯಾರೆ ಕಂಡ ಹುಡುಗಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮೇಷ್ಟ್ರು ಅಲ್ಲ ಅಂದ್ರೂ ಅದು ಭಾಗವಾಗುತ್ತೆ. ಗಣಿತ ಕೊಡೋ ಸ್ವಾತಂತ್ರ್ಯ ಅಂದ್ರೆ ಇದು ಅಂತ ನನ್ನ ನಂಬಿಕೆ.

"ಇದನ್ನೆಲ್ಲ ಕನ್ನಡದಲ್ಲಿ ಬರೆದ್ರೆ ಯಾರು ಓದ್ತಾರೆ" ಅಂತ ಕೇಳೋರೂ ಇದ್ದಾರೆ. ಬಾರ್ಲೋನೂ ಹೆಚ್ಚುಕಡಿಮೆ ಅದನ್ನೇ ಕೇಳಿದ್ದ :-) ಇಲ್ಲಿವರೆಗೆ ಓದಿದ ನೀವೇ ಅದಕ್ಕೆ ಉತ್ತರ.

ಅಂದ ಹಾಗೆ, ಕೊನೆಗೊಂದು ಮನೆಗೆಲಸ. 5 ಅವಿಭಾಜ್ಯ. 2^5 - 1 = 31, ಅವಿಭಾಜ್ಯ. 2^31 - 1 = 2147483647, ಅದೂ ಅವಿಭಾಜ್ಯ. ಹಾಗಾದ್ರೆ 2^2147483647 - 1? ಅದರ ಅಂಕಿಗಳೇ 64 ಕೋಟಿಗೂ ಹೆಚ್ಚು. ಸಾಲು ಇಲ್ಲಿಗೆ ಕಡಿಯುತ್ತೆ, ಅದು 295257526626031ರಿಂದ ಭಾಗವಾಗುತ್ತೆ. ನನ್ನ ಮಾತು ನಂಬಬೇಡಿ. ಪೈಥಾನ್ ಗೊತ್ತಿದ್ದೋರು ಒಂದೇ ಸಾಲಿನಲ್ಲಿ ಪರೀಕ್ಷಿಸಬಹುದು, ಅಷ್ಟು ದೊಡ್ಡ ಸಂಖ್ಯೆಯನ್ನ ಬರೆಯೋದೇ ಬೇಡ, ಶೇಷ ಮಾತ್ರ ಹಿಡ್ಕೊಂಡು ಹೋದ್ರೆ ಸಾಕು. ಗೊತ್ತಿಲ್ಲದೋರು ಆ ಭಾಜಕದಿಂದ 1 ಕಳೆದು 2147483647ರಿಂದ ಭಾಗಿಸಿ ನೋಡಿ. ಆಯ್ಲರ್ ಹಾಕಿದ ಪ್ರವೇಶದ ನಿಯಮ ಅಲ್ಲೂ ಪಾಲನೆಯಾಗಿರುತ್ತೆ.

ನಿಮಗೆ ಇಷ್ಟವಾದ ಸಂಖ್ಯೆ ಯಾವುದು? ಅಂಗಿ ಬಿಚ್ಚಿದ್ರೂ ಉಳಿಯೋ ಗುಣ ಅದಕ್ಕಿದ್ರೆ ಕಾಮೆಂಟಿಸಿ. ಸೂರ್ಯ, ಕೇತು ಇದ್ರೆ... ಆರ್‌ಟಿಒಗೆ ಬರೀರಿ :-)